ಹೆಪ್ಪುಗಟ್ಟುವ ಡೀಸೆಲ್, ಏಳದ ಎಂಜಿನ್: ಹಿಮದ ಹಾದಿಯಲ್ಲಿ ಸೇನೆಯ ಲಾರಿಗಳು

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಬಲವಾಗಿ ಒತ್ತುತ್ತದೆ. ಒತ್ತಿದ ಗಾಳಿ 500 ಡಿಗ್ರಿ ಸೆಲ್ಸಿಯಸ್ ಮೀರುವಷ್ಟು ಕಾಯುತ್ತದೆ. ಆ ಕಾವಿಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಸಾಧಿಸಿ ತೋರಿಸಿದ್ದು ಇದನ್ನೇ. ಈ ಎಂಜಿನ್ ತನ್ನ ಬೆಂಕಿಯನ್ನು ತಾನೇ ಹುಟ್ಟಿಸಿಕೊಳ್ಳಬೇಕು. ಚಳಿ ಕಸಿದುಕೊಳ್ಳುವುದು ಆ ಕಾವನ್ನೇ. ಗಾಳಿಯೂ ಲೋಹವೂ ಕೊರೆಯುತ್ತಿದ್ದರೆ ಒತ್ತಿದ ಗಾಳಿ ಸಾಕಷ್ಟು ಕಾಯುವುದಿಲ್ಲ. ಉರಿಯದ ಡೀಸೆಲ್ ಬಿಳಿ ಹೊಗೆಯಾಗಿ ಹೊರಬರುತ್ತದೆ, ಲಾರಿ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಬೆಂಗಳೂರಿಗೆ ಈ ಕಷ್ಟದ ಪರಿಚಯವಿಲ್ಲ. ಇಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆದರೆ ಮೈನಸ್ 20, 30 ಡಿಗ್ರಿಗಿಳಿಯುವ ಲಡಾಖ್‌ನಲ್ಲಿ ಸೇನೆಯ ಲಾರಿ ಓಡಿಸುವವರ ಕಸುಬಿಗೆ ದೊಮ್ಮಲೂರಿನ ನಂಟಿದೆ. ದೊಮ್ಮಲೂರು, ಅಗರಂ ಸುತ್ತಲಿನ ಸೇನಾ ಪ್ರದೇಶದಲ್ಲಿ ಆರ್ಮಿ ಸರ್ವಿಸ್ ಕೋರ್, ಅಂದರೆ ಎಎಸ್‌ಸಿಯ ಕೇಂದ್ರ ಮತ್ತು ಕಾಲೇಜು ಇದೆ. ಸೇನೆಗೆ ದಿನಸಿ, ಇಂಧನ ಪೂರೈಸುವುದು ಮತ್ತು ಅದನ್ನು ಸಾಗಿಸುವುದು ಈ ದಳದ ಕೆಲಸ. ಇಲ್ಲಿ ಸ್ಟಿಯರಿಂಗ್ ಹಿಡಿಯಲು ಕಲಿತ ಚಾಲಕರು ಮುಂದೆ ಹಿಮಾಲಯದ ಕಣಿವೆದಾರಿಗಳಿಗೆ ಹೋಗುತ್ತಾರೆ.

ಆ ದಾರಿಗಳಲ್ಲಿ ಸೇನೆಯ ವಾಹನಗಳು ನುಗ್ಗಿದ ಮೊದಲ ದೊಡ್ಡ ಪ್ರಸಂಗ 1948ರ ಜೋಜಿ ಲಾ ಕದನ. ಸುಮಾರು 3,500 ಮೀಟರ್ ಎತ್ತರದ ಈ ಕಣಿವೆದಾರಿಗೆ ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯನವರ ನೇತೃತ್ವದಲ್ಲಿ ನವೆಂಬರ್ 1ರಂದು ಸ್ಟುವರ್ಟ್ ಟ್ಯಾಂಕ್‌ಗಳು ಏರಿದವು. ಅವುಗಳಿಗೆ ದಾರಿ ಕಡಿದುಕೊಟ್ಟವರು ಹಲಸೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್. ಆಗಿನ್ನೂ ಪೆಟ್ರೋಲ್ ಎಂಜಿನ್‌ಗಳ ಕಾಲ. 1960ರಲ್ಲಿ ಗಡಿ ರಸ್ತೆಗಳ ಸಂಸ್ಥೆ ಹುಟ್ಟಿತು, ರಸ್ತೆಗಳು ಮುಂದೆ ಮುಂದೆ ಚಾಚಿದವು. 1984ರಲ್ಲಿ ಸಿಯಾಚಿನ್‌ಗೆ ಸೇನೆ ಹೋದ ಮೇಲೆ ಲಡಾಖ್‌ನೊಳಗೆ ಚಳಿಗಾಲದಲ್ಲೂ ಲಾರಿ ಓಡಲೇಬೇಕಾಯಿತು. ಕಣಿವೆದಾರಿಗಳು ಹಿಮದಿಂದ ಮುಚ್ಚುವ ಮೊದಲೇ ಬೇಸಿಗೆಯಲ್ಲಿ ಲಡಾಖ್‌ನ ಉಗ್ರಾಣಗಳಲ್ಲಿ ಸಾಮಗ್ರಿ ತುಂಬಿಡುತ್ತಾರೆ. ಅಲ್ಲಿಂದ ಮುಂಚೂಣಿಯ ಠಾಣೆಗಳತ್ತ ಸಾಗಣೆ ವರ್ಷವಿಡೀ ನಡೆಯುತ್ತದೆ.

ಲಾರಿಗಳೂ ಬದಲಾದವು. ಜರ್ಮನಿಯ ಮಾನ್ ಕಂಪನಿಯ ಪರವಾನಗಿ ಪಡೆದು 1950ರ ದಶಕದ ಕೊನೆಗೆ ಜಬಲ್ಪುರದಲ್ಲಿ ಆರಂಭವಾದ ಶಕ್ತಿಮಾನ್ ದಶಕಗಳ ಕಾಲ ಸೇನೆಯ ಬೆನ್ನೆಲುಬಾಗಿತ್ತು. ಆಮೇಲೆ ಅಶೋಕ್ ಲೇಲ್ಯಾಂಡ್‌ನ ಸ್ಟಾಲಿಯನ್ ಬಂತು. ದೇಶದ ಡೀಸೆಲ್ ವಾಹನಗಳಿಗೆ ಬೇಕಾದ ಇಂಜೆಕ್ಷನ್ ಪಂಪ್‌ಗಳು ಬಹುಪಾಲು ತಯಾರಾದದ್ದು 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿಯ ಆಡುಗೋಡಿ ಕಾರ್ಖಾನೆಯಲ್ಲಿ. ಬೆಂಗಳೂರಿನದೇ ಬೆಮೆಲ್ 1986ರಲ್ಲಿ ಚೆಕೊಸ್ಲೊವಾಕಿಯಾದ ಟಾಟ್ರಾ ಲಾರಿಗಳಿಗೆ ಒಪ್ಪಂದ ಮಾಡಿಕೊಂಡಿತು. ಟಾಟ್ರಾ ಎಂಜಿನ್ ತಣಿಯುವುದು ಗಾಳಿಯಿಂದ. ಹೆಪ್ಪುಗಟ್ಟಿ ಬ್ಲಾಕ್ ಸೀಳಲು ಅದರಲ್ಲಿ ನೀರೇ ಇಲ್ಲ.

ನೀರಿನಿಂದ ತಣಿಯುವ ಎಂಜಿನ್‌ಗಳಲ್ಲಿ ಹಿಂದೆ ರಾತ್ರಿ ರೇಡಿಯೇಟರ್ ಬಸಿದು, ಬೆಳಿಗ್ಗೆ ಬಿಸಿನೀರು ತುಂಬುತ್ತಿದ್ದರು. ಈಗ ನೀರಿಗೆ ಸಮಪಾಲು ಎಥಿಲೀನ್ ಗ್ಲೈಕಾಲ್ ಬೆರೆಸುತ್ತಾರೆ. ಈ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿವರೆಗೆ ಗಟ್ಟಿಯಾಗುವುದಿಲ್ಲ. ಹೆಚ್ಚು ಸುರಿದರೆ ಹೆಚ್ಚು ರಕ್ಷಣೆ ಎಂದೇನಿಲ್ಲ. ನೀರು ಬೆರೆಸದ ಗ್ಲೈಕಾಲ್ ಸುಮಾರು ಮೈನಸ್ 13ರಲ್ಲೇ ಹೆಪ್ಪುಗಟ್ಟುತ್ತದೆ.

ಸ್ಟಾರ್ಟ್ ಮಾಡುವಾಗ ಬ್ಯಾಟರಿ ಮತ್ತು ಎಂಜಿನ್ ಆಯಿಲ್ ಒಟ್ಟಿಗೆ ಕೈಕೊಡುತ್ತವೆ. ಮೈನಸ್ 18 ಡಿಗ್ರಿಯಲ್ಲಿ ಬ್ಯಾಟರಿಯ ಬಲ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಅದೇ ಹೊತ್ತಿಗೆ ಆಯಿಲ್ ಮಂದವಾಗಿ, ಎಂಜಿನ್ ತಿರುಗಿಸಲು ಇನ್ನೂ ಹೆಚ್ಚು ಬಲ ಬೇಕಾಗುತ್ತದೆ. ಬಯಲುಸೀಮೆಯ ಲಾರಿಗಳಿಗೆ ಹೊಂದುವ 15ಡಬ್ಲ್ಯೂ-40 ಆಯಿಲ್‌ನಲ್ಲಿ ಎಂಜಿನ್ ತಿರುಗಿಸುವ ಪರೀಕ್ಷೆ ನಡೆಯುವುದು ಮೈನಸ್ 20 ಡಿಗ್ರಿಯಲ್ಲಿ. 5ಡಬ್ಲ್ಯೂ ದರ್ಜೆಗೆ ಮೈನಸ್ 30ರಲ್ಲಿ. ಎತ್ತರದ ತೆಳುಗಾಳಿ ಕಷ್ಟವನ್ನು ಇನ್ನಷ್ಟು ಹೆಚ್ಚಿಸುತ್ತದೆ. 5,300 ಮೀಟರ್ ದಾಟುವ ಖಾರ್ದುಂಗ್ ಲಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಒಳಬರುವ ಗಾಳಿಯನ್ನೋ ಸಿಲಿಂಡರನ್ನೋ ಮೊದಲೇ ಬಿಸಿ ಮಾಡುವ ಹೀಟರ್ ಮತ್ತು ಗ್ಲೋ ಪ್ಲಗ್‌ಗಳು ಇಲ್ಲಿ ನೆರವಿಗೆ ಬರುತ್ತವೆ.

ಎಲ್ಲಕ್ಕಿಂತ ಹಟಮಾರಿ ತೊಂದರೆ ಇಂಧನದ್ದು. ಡೀಸೆಲ್‌ನಲ್ಲಿ ಸಹಜವಾಗಿಯೇ ಮೇಣದ ಅಂಶವಿದೆ. ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪಾಗುವಂತೆ ಅದು ಮೊದಲು ಮಬ್ಬಾಗಿ, ಹರಳುಗಟ್ಟಿ, ಫಿಲ್ಟರ್ ಕಟ್ಟಿ, ಕೊನೆಗೆ ಹರಿಯುವುದನ್ನೇ ನಿಲ್ಲಿಸುತ್ತದೆ. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಡೀಸೆಲ್ ಚಳಿಗಾಲದಲ್ಲಿ 3 ಡಿಗ್ರಿವರೆಗೆ ಹರಿದರೆ ಸಾಕು. ಇದು ದೆಹಲಿಗೆ ಸಾಲುತ್ತದೆ, ಲೇಹ್‌ಗೆ ಸಾಲದು. ಆದ್ದರಿಂದ ಚಾಲಕರು ಸೀಮೆಎಣ್ಣೆ ಬೆರೆಸುತ್ತಿದ್ದರು, ಟ್ಯಾಂಕ್ ಮತ್ತು ಆಯಿಲ್ ಚೇಂಬರ್ ಕೆಳಗೆ ಸ್ಟೌ ಹೊತ್ತಿಸುತ್ತಿದ್ದರು. ಸೀಮೆಎಣ್ಣೆಗೆ ಜಿಡ್ಡು ಕಡಿಮೆ. ಡೀಸೆಲ್ಲಿನ ಜಿಡ್ಡನ್ನೇ ನಂಬಿರುವ ಇಂಜೆಕ್ಷನ್ ಪಂಪ್ ಅದರಿಂದ ಸವೆಯುತ್ತದೆ. ಬೆಂಕಿಯ ಅಪಾಯವಂತೂ ಇದ್ದೇ ಇತ್ತು. 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಲಡಾಖ್‌ಗೆಂದು ಚಳಿಗಾಲದ ವಿಶೇಷ ಡೀಸೆಲ್ ಬಿಡುಗಡೆ ಮಾಡಿತು. ಪಾಣಿಪತ್ ಸಂಸ್ಕರಣಾಗಾರದಲ್ಲಿ ತಯಾರಾದ ಇದು ಮೈನಸ್ 33 ಡಿಗ್ರಿವರೆಗೂ ಹರಿಯುತ್ತದೆ. ಅಲ್ಲಿನ ಸಾಮಾನ್ಯ ಲಾರಿ ಚಾಲಕರಿಗೂ ಬಂಕ್‌ನಲ್ಲಿ ಇದು ಸಿಗುವಂತಾದದ್ದು ದೊಡ್ಡ ನೆಮ್ಮದಿ.

ಎಂಜಿನ್ ಎದ್ದ ಮೇಲೂ ಎಚ್ಚರ ಬೇಕು. ಆಯಿಲ್ ಒತ್ತಡ ಏರುವವರೆಗೆ ರೇಸ್ ಕೊಡಬಾರದು. ಹಾಗೆಂದು ಗಂಟೆಗಟ್ಟಲೆ ನಿಂತಲ್ಲೇ ಓಡಿಸುವುದೂ ತಪ್ಪು. ಅರೆಬರೆ ಉರಿದ ಡೀಸೆಲ್ ಸಿಲಿಂಡರಿನ ಗೋಡೆಯ ಆಯಿಲ್ ತೊಳೆದುಬಿಡುತ್ತದೆ. ರೇಡಿಯೇಟರಿನ ಮುಂದೆ ಕ್ಯಾನ್‌ವಾಸ್ ಹೊದಿಸಿದರೆ ಎಂಜಿನ್‌ನ ಕಾವು ಉಳಿಯುತ್ತದೆ. ಏರ್ ಬ್ರೇಕ್ ಟ್ಯಾಂಕ್‌ಗಳಲ್ಲಿ ಸೇರಿದ ತೇವ ಮಂಜುಗಡ್ಡೆಯಾದರೆ ಬ್ರೇಕ್ ಹಿಡಿಯುವುದಿಲ್ಲ, ಅದಕ್ಕಾಗಿ ದಿನವೂ ಅದನ್ನು ಬಸಿಯಬೇಕು. ಹಿಮದ ಮೇಲೆ ಚಕ್ರಕ್ಕೆ ಸರಪಳಿ ಕಟ್ಟಬೇಕು, ಇಳಿಜಾರಿನಲ್ಲಿ ಕಡಿಮೆ ಗೇರ್ ಮತ್ತು ಎಕ್ಸಾಸ್ಟ್ ಬ್ರೇಕ್ ನಂಬಬೇಕು.

ಬಿಎಸ್-6 ಮಾಲಿನ್ಯ ನಿಯಮದ ಲಾರಿಗಳಿಂದ ಹೊಸ ಸವಾಲೊಂದು ಸೇರಿದೆ. ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರಾವಣ ಮೈನಸ್ 11 ಡಿಗ್ರಿಯಲ್ಲೇ ಹೆಪ್ಪುಗಟ್ಟುವುದರಿಂದ, ಅದರ ಟ್ಯಾಂಕನ್ನು ಎಂಜಿನ್‌ನ ಬಿಸಿ ಕೂಲಂಟ್‌ನಿಂದ ಕಾಯಿಸುವ ಏರ್ಪಾಡು ಮಾಡಬೇಕಾಗಿದೆ.

ಯಂತ್ರ ಎಷ್ಟೇ ಸುಧಾರಿಸಿದರೂ ಮುಖ್ಯ ಕೆಲಸ ನಡೆಯುವುದು ಹಿಂದಿನ ಸಂಜೆಯೇ. ಸಂಜೆಯ ಹೊತ್ತಿಗೆ ಟ್ಯಾಂಕ್ ತುಂಬಿಸಿದರೆ ಒಳಗೆ ತೇವ ಕೂಡುವುದಿಲ್ಲ. ಫಿಲ್ಟರಿನ ನೀರು ಬಸಿಯಬೇಕು, ಬ್ಯಾಟರಿ ಬೆಚ್ಚಗಿಡಬೇಕು. ಹ್ಯಾಂಡ್ ಬ್ರೇಕ್ ಹಿಮಕ್ಕೆ ಅಂಟಿಕೊಳ್ಳದಂತೆ ಲಾರಿಯನ್ನು ಗೇರ್‌ನಲ್ಲಿಟ್ಟು ಚಕ್ರಕ್ಕೆ ಅಡ್ಡಗಟ್ಟೆ ಕೊಡಬೇಕು. ಮುಂಚೂಣಿಯ ಠಾಣೆಗೆ ದಿನಸಿ ಹೊತ್ತಿಗೆ ಸರಿಯಾಗಿ ತಲುಪುವುದು ಈ ಶಿಸ್ತಿನಿಂದ.