ಮಂಡಲದ ಹಾವನ್ನು ಗುರುತಿಸುವ ಬಗೆ

1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಬನ್ನೇರುಘಟ್ಟಕ್ಕೆ ನಮ್ಮ ಹೂಡಿಯ ಕಡೆಯಿಂದ ಹೋಗುವ ಮಕ್ಕಳು ಆನೆ, ಕರಡಿಗಳನ್ನು ಅರಸುವರು. ತರಗೆಲೆಯಲ್ಲಿ ಅಡಗಿರುವ ಕೊಳಕುಮಂಡಲದತ್ತ ಅವರ ದೃಷ್ಟಿ ಹರಿಯುವುದು ಅಪೂರ್ವ.

ಸುಶ್ರುತ ಸಂಹಿತೆಯು ಹೆಡೆಯುಳ್ಳ ಹಾವುಗಳನ್ನು ದರ್ವೀಕರವೆಂದೂ, ದುಂಡು ಮಚ್ಚೆಯವನ್ನು ಮಂಡಲಿಯೆಂದೂ, ಗೆರೆಯವನ್ನು ರಾಜಿಮಂತವೆಂದೂ ವಿಂಗಡಿಸಿದೆ. ಜನರಾಡುವ ಮಂಡಲವೆಂಬ ಹೆಸರಿನಲ್ಲಿಯೂ ಆ ಮಚ್ಚೆಯ ಗುರುತೇ ಅಡಗಿದೆ.

ಕಂದು ಮೈಯಲ್ಲಿ ಸರಪಳಿಯಂತೆ ಮೂರು ಸಾಲು ದುಂಡು ಮಚ್ಚೆ, ತ್ರಿಕೋನಾಕಾರದ ತಲೆ, ಗಿಡ್ಡ ಬಾಲ: ಇವು ಕೊಳಕುಮಂಡಲದ ಲಕ್ಷಣಗಳು. ಹೆಬ್ಬಾವಿನ ಮರಿಯ ಮಚ್ಚೆಗಳಾದರೋ ಅಳತೆ ತಪ್ಪಿ ಅಂಕುಡೊಂಕಾಗಿರುವುವು. ಈ ಭೇದವನ್ನರಿಯದೆ ಹೆಬ್ಬಾವಿನ ಮರಿಯೆಂದು ಕೈಯಿಕ್ಕಿದರೆ ಪ್ರಾಣಕ್ಕೇ ಅಪಾಯ. ಕೆಣಕಿದಾಗ ಅದು ಕುಲುಮೆಯ ತಿದಿಯಂತೆ ಬುಸುಗುಡುವುದು. ಹಿಂದೆ ಸರಿಯಿರೆಂಬ ಎಚ್ಚರಿಕೆ ಅದು.

ಇದು ಮೊಟ್ಟೆಯಿಡದೆ ಮರಿಗಳನ್ನೇ ಹೆರುವುದು. ಇಲಿಯೇ ಇದರ ಮುಖ್ಯ ಆಹಾರವಾದುದರಿಂದ ಕಾಡಿನಲ್ಲಿ ಮಾತ್ರವಲ್ಲದೆ, ಹೊಲದಲ್ಲಿಯೂ ಕಸ ಸುರಿದ ಖಾಲಿ ನಿವೇಶನದಲ್ಲಿಯೂ ಕಾಣಬಹುದು.

ಇದು ಕಚ್ಚಿದರೆ ಗಾಯವನ್ನು ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಲೂಬಾರದು. ಆ ಅಂಗವನ್ನು ಅಲುಗಿಸದೆ, ಪ್ರತಿವಿಷದ ಚುಚ್ಚುಮದ್ದು ದೊರೆಯುವ ಆಸ್ಪತ್ರೆಗೆ ಕೂಡಲೇ ಒಯ್ಯತಕ್ಕದ್ದು.

ಆದುದರಿಂದ ವಿದ್ಯಾರ್ಥಿಗಳು ಹಾವನ್ನು ಕಂಡಲ್ಲಿ ಕೋಲೆತ್ತದೆ, ಎರಡು ಮಾರು ದೂರದಲ್ಲಿ ನಿಂತು ಮಚ್ಚೆಯನ್ನು ಗಮನಿಸಿ, ಹಿರಿಯರಿಗೆ ತಿಳಿಸಿ, ಅದಕ್ಕೆ ದಾರಿ ಬಿಡಬೇಕು. ಇದರಿಂದ ಎರಡು ಜೀವಗಳೂ ಉಳಿಯುವುವು.