ಲಸಿಕೆ ಹಾಕಿಸಿದ ಮೇಲೂ ಮಾಸ್ಕ್ ಏಕೆ?

“ಲಸಿಕೆ ಹಾಕಿಸಿಕೊಂಡವರಿಗೂ ಕೊರೋನಾ ಬಂತಲ್ಲ, ಮತ್ತೇನು ಪ್ರಯೋಜನ?” ಈ ಮಾತನ್ನು ನೀವೂ ಕೇಳಿರಬಹುದು, ಆಡಿಯೂ ಇರಬಹುದು. ಪ್ರಶ್ನೆ ತಪ್ಪಲ್ಲ. 2021ರ ಜನವರಿಯಲ್ಲಿ ಕೋವ್ಯಾಕ್ಸಿನ್‌ಗೆ ಅನುಮತಿ ಸಿಕ್ಕಾಗ ಅದರ ಮೂರನೇ ಹಂತದ ಪರೀಕ್ಷೆಯ ಫಲಿತಾಂಶವೇ ಬಂದಿರಲಿಲ್ಲ. ಜನ ಸಂಶಯಪಟ್ಟದ್ದು ಸಹಜ.

ಆ ಬಳಿಕ ಬಂದ ಲೆಕ್ಕವನ್ನು ಈಗ ನೋಡಿ. ತಲಾ ಸುಮಾರು 8,500 ಮಂದಿಯ ಎರಡು ಗುಂಪುಗಳು. ಲಸಿಕೆ ಪಡೆದವರಲ್ಲಿ 24 ಮಂದಿಗೆ ರೋಗ ಬಂತು, ಪಡೆಯದವರಲ್ಲಿ 106 ಮಂದಿಗೆ. ರೋಗ ಉಲ್ಬಣಿಸಿದ್ದು ಲಸಿಕೆ ಪಡೆದ ಒಬ್ಬರಿಗೆ, ಪಡೆಯದ 15 ಮಂದಿಗೆ. ಅಂದರೆ ಲಸಿಕೆ ರೋಗವನ್ನು ಪೂರ್ತಿ ತಡೆಯಲಿಲ್ಲ. ಆದರೆ ಅದರ ಹಲ್ಲು ಕಿತ್ತಿತು.

ಆಮೇಲೆ ಒಮಿಕ್ರಾನ್ ಬಂದಾಗ ಲಸಿಕೆಗಳಿಗೆ ಸೋಂಕು ತಡೆಯುವ ಶಕ್ತಿ ಇನ್ನಷ್ಟು ಕುಗ್ಗಿತು. ಲಸಿಕೆ ಪಡೆದವರಿಂದಲೂ ಸೋಂಕು ಹರಡುತ್ತಿತ್ತು. ಮಾಸ್ಕ್ ಧರಿಸಿ, ಕಿಟಕಿ ತೆರೆದಿಡಿ ಎಂದು ವೈದ್ಯರು ಹೇಳಿದ್ದು ಅದಕ್ಕಾಗಿಯೇ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗಿಯಿತೆಂದು ಘೋಷಿಸಿತು. ವೈರಸ್ ಮಾತ್ರ ಹೋಗಿಲ್ಲ. ನಿಮ್ಮ ಮನೆಯಲ್ಲೂ ವಯಸ್ಸಾದ ಅತ್ತೆ, ಸಕ್ಕರೆ ಕಾಯಿಲೆಯ ತಂದೆ ಇರಬಹುದು. ನಿಮಗೆ ಜ್ವರ, ಕೆಮ್ಮು ಇದ್ದ ದಿನ ಮಾಸ್ಕ್ ಧರಿಸಿಯೇ ಅವರ ಬಳಿ ಹೋಗಿ. ನಿಮಗೆ ಬರೀ ಶೀತವೆನಿಸಿದ್ದು ಅವರ ಪ್ರಾಣಕ್ಕೆ ಎರವಾದೀತು.