ಕೋವಿಯ ಹಿಡಿ ಅಲ್ಲಾಡಿದರೆ ಸ್ಕ್ರೂ ತಿರುಗಿಸಿ ಸುಮ್ಮನಾಗಬೇಡಿ

ಕೈಲ್‌ಪೊಳ್ದ್ ಹತ್ತಿರ ಬಂತೆಂದರೆ ನಮ್ಮ ಕೊಡಗಿನ ಮನೆಗಳಲ್ಲಿ ಕೋವಿಗಳು ಕೆಳಗಿಳಿಯುತ್ತವೆ. ಎಣ್ಣೆ ಹಾಕಿ ಒರೆಸಿ, ತೋಕ್‌ಪೂ ಸಿಕ್ಕಿಸಿ, ದೀಪದ ಮುಂದಿಟ್ಟು ಪೂಜಿಸುತ್ತೇವೆ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ನಳಿಗೆ ಹೊಳೆಯುತ್ತದಾ ಅಂತ ಎಲ್ಲರೂ ನೋಡ್ತಾರೆ. ಮರದ ಹಿಡಿ ಗಟ್ಟಿಯಾಗಿದೆಯಾ ಅಂತ ನೋಡುವವರು ಕಡಿಮೆ.

ಹಿಡಿ ಸಡಿಲವಾಗಲು ನಮ್ಮ ಹವೆಯೂ ಕಾರಣ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಸಡಿಲವಾದಾಗಲೆಲ್ಲ ಸ್ಕ್ರೂ ಬಿಗಿ ಮಾಡುತ್ತಾ ಹೋದರೆ ಕೊನೆಗೊಂದು ದಿನ ಥ್ರೆಡ್ ಸವೆದು ಸ್ಕ್ರೂ ಸುಮ್ಮನೆ ಸುತ್ತುತ್ತದೆ. ಆಮೇಲೆ ಗುಂಡು ಹೊಡೆದಾಗಿನ ಒದೆತವೆಲ್ಲ ಸಡಿಲ ಮರಕ್ಕೇ ಬೀಳುತ್ತದೆ. ಹಿಡಿಯ ಸಣ್ಣ ಭಾಗದಲ್ಲಿ, ಕೈ ಹಿಡಿಯುವ ಕಡೆಯೇ, ಬಿರುಕು ಬಿಡುತ್ತದೆ.

ನಮ್ಮ ಮಾವನ ಒಂಟಿ ನಳಿಗೆಯ ಹಳೇ ಕೋವಿಗೆ ಆಗಿದ್ದೂ ಇದೇ. “ಎಷ್ಟು ಬಿಗಿ ಮಾಡಿದ್ರೂ ಎರಡು ಈಡು ಹೊಡೆದ್ರೆ ಮತ್ತೆ ಅಲ್ಲಾಡ್ತದೆ, ನೋಡು ಮಗಾ” ಅಂದರು. ಪರವಾನಗಿ ಇರುವ ರಿಪೇರಿಯವರ ಹತ್ತಿರ ಒಯ್ದೆವು. ಅವರು ಸ್ಕ್ರೂ ಬಿಚ್ಚಿ ಥ್ರೆಡ್ ಗೇಜ್ ಇಟ್ಟು ನೋಡಿದರು. ತೂತು ಕಾಲಿಂಚಿನ ಹಳೇ ಇಂಗ್ಲಿಷ್ ಅಳತೆಯದು, ಅಂದರೆ 6.35 ಮಿ.ಮೀ., ಇಂಚಿಗೆ 20 ಸುತ್ತು. ಹಿಂದೆ ಯಾರೋ ಅದಕ್ಕೆ 6 ಮಿ.ಮೀ. ಸ್ಕ್ರೂ ಹಾಕಿದ್ದರು. ಅದರ ಸುತ್ತಿನ ಅಂತರ 1 ಮಿ.ಮೀ., ಹಳೆಯದರದು 1.27 ಮಿ.ಮೀ. ಕಣ್ಣಿಗೆ ಎರಡೂ ಒಂದೇ ಥರ. ಆದರೆ ಒಳಗೆ ಹೊಂದಲ್ಲ. ಒತ್ತಾಯದಿಂದ ತಿರುಗಿಸಿದರೆ ಹಳೇ ಥ್ರೆಡ್ಡನ್ನು ಕತ್ತರಿಸಿಬಿಡುತ್ತದೆ.

ಸರಿಪಡಿಸುವ ದಾರಿ ಹಾಳಾಗಿದ್ದು ಯಾವುದು ಅನ್ನುವುದರ ಮೇಲಿದೆ. ಸ್ಕ್ರೂ ಮಾತ್ರ ಸವೆದಿದ್ದರೆ ಅದೇ ಅಳತೆಯದನ್ನು ಲೇತ್‌ನಲ್ಲಿ ಕಡೆಸಬಹುದು. ತೂತು ಸವೆದಿದ್ದು ಸುತ್ತ ಸಾಕಷ್ಟು ಲೋಹ ಇದ್ದರೆ, ತುಸು ದೊಡ್ಡದು ಕೊರೆದು ಹೊಸ ಥ್ರೆಡ್ ಹಾಕಿ, ಸ್ಪ್ರಿಂಗಿನ ಹಾಗಿರುವ ಸ್ಟೀಲ್ ತಂತಿಯ ಸುರುಳಿ ಕೂರಿಸುತ್ತಾರೆ. ಆಗ ಮೊದಲಿನ ಅಳತೆಯ ಸ್ಕ್ರೂವೇ ಹಿಡಿಯುತ್ತದೆ. ಮಾವನ ಕೋವಿಯ ಪಟ್ಟಿ ತೆಳು. ಹಾಗಾಗಿ ತೂತನ್ನು ವೆಲ್ಡಿಂಗ್‌ನಲ್ಲಿ ತುಂಬಿಸಿ, ಮತ್ತೆ ಕೊರೆದು ಥ್ರೆಡ್ ಹಾಕಿದರು. ಮರಕ್ಕೆ ನೇರವಾಗಿ ಹೋಗುವ ಸ್ಕ್ರೂ ಆದರೆ ಸವೆದ ತೂತಿಗೆ ಗಟ್ಟಿ ಮರದ ಬೆಣೆ ಅಂಟಿಸಿ ಹೊಸದಾಗಿ ಕೊರೆದರೆ ಸಾಕು. ಬೆಂಕಿಕಡ್ಡಿ ತುರುಕುವುದು ನಾಲ್ಕು ದಿನದ ಮದ್ದು ಅಷ್ಟೇ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ರಿಪೇರಿ ಮಾಡುವವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. ಊರಿನ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ.

ಮನೆಯಲ್ಲಿ ನೀವು ಮಾಡಬಹುದಾದ್ದು ಇಷ್ಟು: ತೋಟಾ ಇಲ್ಲವೆಂದು ಎರಡು ಸಲ ನೋಡಿ. ನಳಿಗೆಯನ್ನು ಒಂದು ಕೈಯಲ್ಲಿ, ಹಿಡಿಯನ್ನು ಇನ್ನೊಂದರಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಸ್ವಲ್ಪ ಕದಲಿದರೂ ಆ ವರ್ಷ ಅದು ಪೂಜೆಗೆ ಮಾತ್ರ ಇರಲಿ, ತೆಂಗಿನಕಾಯಿಗೆ ಬೇಡ.